ಟ್ವೀಟರ್ ಕರಕರ ಎನ್ನುವುದೇಕೆ?

ಮನೆಯ ಸ್ಪೀಕರಿನಲ್ಲಿ ಹಾಡಿನ ‘ಸ’, ‘ಶ’ ಅಕ್ಷರಗಳಷ್ಟೇ ಕರಕರ ಎನ್ನುತ್ತವೆ. ಕಾರಣವೇನು?
– ಓದುಗರು, ಹುದಿಕೇರಿ, ಕೊಡಗು

ಸುಮಾರು 3000 ಹರ್ಟ್ಸ್‌ಗಿಂತ ಮೇಲಿನ ಇಂಥ ತೀಕ್ಷ್ಣ ಸದ್ದು ಹೊರಡುವುದು ಟ್ವೀಟರ್ ಎಂಬ ಪುಟ್ಟ ಸ್ಪೀಕರಿನಿಂದ. ಅದರಲ್ಲಿ ತೆಳು ತಂತಿಯ ಸುರುಳಿ ಅಯಸ್ಕಾಂತದ ಕಿರಿದಾದ ಸಂದಿಯಲ್ಲಿ ಕಂಪಿಸುತ್ತದೆ. ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ಜೋರು ಮಾಡಿದರೆ ಅಲೆಗಳ ತುದಿ ಕತ್ತರಿಸಿಹೋಗಿ, ಹೆಚ್ಚುವರಿ ತೀಕ್ಷ್ಣ ಸ್ವರಗಳು ಟ್ವೀಟರಿಗೆ ನುಗ್ಗುತ್ತವೆ. ಸುರುಳಿ ಕಾದು ಸೊಟ್ಟಗಾಗುತ್ತದೆ. ಬೆಂಡಾದ ಸೈಕಲ್ ಚಕ್ರ ಬ್ರೇಕಿಗೆ ತಾಗುವಂತೆ ಸಂದಿಯ ಗೋಡೆಗೆ ಉಜ್ಜುತ್ತದೆ. ಮಳೆಗಾಲದ ತೇವಕ್ಕೆ ಸಂದಿಯಲ್ಲಿ ತುಕ್ಕು ಹಿಡಿದರೂ ಹೀಗಾಗಬಹುದು.

ಪತ್ತೆ ಸುಲಭ. ಆಂಪ್ಲಿಫೈಯರ್ ಆಫ್ ಮಾಡಿ, ಎಡ–ಬಲ ಸ್ಪೀಕರುಗಳ ವೈರ್ ಅದಲುಬದಲು ಮಾಡಿ. ಕರಕರ ಅದೇ ಸ್ಪೀಕರಿನಲ್ಲಿ ಉಳಿದರೆ ದೋಷ ಅದರದ್ದು; ಇನ್ನೊಂದಕ್ಕೆ ಹೋದರೆ ಆಂಪ್ಲಿಫೈಯರಿನ ಕಡೆಯದು. ಸುರುಳಿ ಸೊಟ್ಟಗಾಗಿದ್ದರೆ ಅದೇ ಮಾದರಿಯ, ಅಷ್ಟೇ ಓಮ್‌ನ ಟ್ವೀಟರ್ ಹಾಕಿಸಿ.