ಪಂಚಾಯಿತಿಗೊಂದು ಮಳೆ ಲೆಕ್ಕ

‘ನಿನ್ನೆ ನಿಮ್ಮಲ್ಲಿ ಎಷ್ಟು ಬಿತ್ತು?’ ಮಳೆಗಾಲದ ಮಲೆನಾಡಿನಲ್ಲಿ ಮಾತು ಶುರುವಾಗುವುದೇ ಹೀಗೆ. ಕಾಫಿ ಸೀಮೆಯವರು ಉತ್ತರವನ್ನು ಇಂಚು–ಸೆಂಟಿನಲ್ಲಿ ಕೊಡುತ್ತಾರೆ. ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು. ಬಯಲುಸೀಮೆಯ ರೈತರಿಗೆ ಹದವಾಯಿತೇ, ಅರ್ಧ ಹದವೇ ಎಂಬುದು ಮುಖ್ಯ. ಪತ್ರಿಕೆಗಳಲ್ಲಿ ಮಾತ್ರ ಮಿಲಿಮೀಟರು. ನಮ್ಮ ಹೋಬಳಿ, ಪಂಚಾಯಿತಿಗಳ ಈ ಮಿಲಿಮೀಟರುಗಳನ್ನು ಹಗಲೂ ರಾತ್ರಿ ಕಲೆಹಾಕುವ ಸಂಸ್ಥೆ ಬೆಂಗಳೂರಿನ ಯಲಹಂಕದಲ್ಲಿದೆ: ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ.

ಎಂಬತ್ತರ ದಶಕದಲ್ಲಿ ರಾಜ್ಯ ಬರದಿಂದ ತತ್ತರಿಸಿತ್ತು. ಆ ಬಳಿಕ 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಇದು ಹುಟ್ಟಿತು. ಈಗಿನ ಹೆಸರು ಬಂದದ್ದು 2007ರಲ್ಲಿ. ಆಮೇಲೆ ಕೇಂದ್ರ ಮಾಡಿದ ಅತಿ ದೊಡ್ಡ ಕೆಲಸವೆಂದರೆ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಸ್ವಯಂಚಾಲಿತ ಮಳೆಮಾಪಕಗಳನ್ನು ಒಯ್ದದ್ದು. ರಾಜ್ಯದಾದ್ಯಂತ ಆರು ಸಾವಿರಕ್ಕೂ ಹೆಚ್ಚು ಮಾಪಕಗಳಿವೆ. ಸೌರಫಲಕದ ವಿದ್ಯುತ್ತಿನಲ್ಲಿ ನಡೆಯುವ ಇವು 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಲೆಕ್ಕ ಕಳಿಸುತ್ತವೆ.

ಇಷ್ಟೊಂದು ಯಾಕೆ ಬೇಕು? ಅಕ್ಕಪಕ್ಕದ ಎರಡು ಪಂಚಾಯಿತಿಗಳಲ್ಲಿ ಒಂದಕ್ಕೆ 60 ಮಿ.ಮೀ. ಸುರಿದು, ಇನ್ನೊಂದರಲ್ಲಿ ಹನಿಯೂ ಬೀಳಲಿಲ್ಲ ಎನ್ನಿ. ಸರಾಸರಿ 30. ಕಾಗದದ ಮೇಲೆ ಒಳ್ಳೆಯ ಹದ ಮಳೆ. ಆದರೆ ಆ 30 ಎರಡೂ ಕಡೆ ಬಿದ್ದಿಲ್ಲ. ಅಲ್ಲಿ ಬದು ಒಡೆದಿದೆ, ಇಲ್ಲಿ ಬಿತ್ತನೆಯೇ ಆಗಿಲ್ಲ. ತಾಲ್ಲೂಕಿಗೊಂದೇ ಮಾಪಕವಿದ್ದಾಗ ಬರ ಘೋಷಣೆಯ ಕಡತಗಳಲ್ಲಿ ಎಷ್ಟು ಊರುಗಳ ಕಷ್ಟ ಸರಾಸರಿಯ ಅಡಿಯಲ್ಲಿ ಮುಚ್ಚಿಹೋಗಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ.

ಇಂಥ ಮಾಪಕಗಳ ಒಳಗಿರುವ ಯಂತ್ರ ಸಾಮಾನ್ಯವಾಗಿ ತೀರ ಸರಳ. ಮೇಲೊಂದು ಆಲಿಕೆ. ಅದರ ಕೆಳಗೆ ಏತದ ಮರದಂತೆ ಆಡುವ ಸಣ್ಣ ಪಟ್ಟಿ, ಅದರ ಎರಡು ತುದಿಗೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ. ವಾಲಿದಾಗಲೆಲ್ಲ ಅಯಸ್ಕಾಂತವೊಂದು ಸ್ವಿಚ್ಚಿನ ಮುಂದೆ ಹಾದು ‘ಒಂದು’ ಎಂದು ದಾಖಲಿಸುತ್ತದೆ. ಬಟ್ಟಲು ಅರ್ಧ ಮಿಲಿಮೀಟರಿನದಾದರೆ 40 ಸಲ ವಾಲಿತೆಂದರೆ 20 ಮಿ.ಮೀ. ಮಳೆ. ಕಂಪ್ಯೂಟರಿಗೆ ಹೋಗುವುದು ಈ ಎಣಿಕೆ ಮಾತ್ರ. ಆದ್ದರಿಂದಲೇ ಆಲಿಕೆಯಲ್ಲಿ ಒಂದು ಎಲೆ ಸಿಕ್ಕಿಕೊಂಡರೂ, ಇರುವೆ ಗೂಡು ಕಟ್ಟಿದರೂ, ಯಲಹಂಕದ ಪರದೆಯಲ್ಲಿ ಆ ಊರಿಗೆ ಮಳೆಯೇ ಇಲ್ಲ!

ಮನೆಯಲ್ಲೂ ಅಳೆಯಬಹುದು. ತಳದಿಂದ ಬಾಯಿವರೆಗೆ ಒಂದೇ ಅಗಲವಿರುವ, ಸಪಾಟು ತಳದ ಡಬ್ಬಿಯನ್ನು ಮರ, ಸೂರಿನಿಂದ ದೂರ, ಬಯಲಿನಲ್ಲಿಟ್ಟು ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಸಿ ನೋಡಿ. ಹವಾಮಾನ ಇಲಾಖೆಯ ದಿನದ ಲೆಕ್ಕವೂ ಆ ಹೊತ್ತಿನದೇ. ಡಬ್ಬಿ ಅಗಲವಾದಷ್ಟೂ ಹೆಚ್ಚು ನೀರು ಹಿಡಿಯುತ್ತದೆ, ಆದರೆ ಆ ನೀರು ಹರಡಿಕೊಳ್ಳುವ ಜಾಗವೂ ಅಷ್ಟೇ ಹೆಚ್ಚು. ಹಾಗಾಗಿ ಎತ್ತರ ಬದಲಾಗದು. ಒಂದು ಮಿ.ಮೀ. ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರು. ಎಕರೆಗೆ ಸುಮಾರು 4,000 ಲೀಟರು. ಒಂದಿಂಚು ಬಿದ್ದರೆ ಎಕರೆಗೆ ಲಕ್ಷ ಲೀಟರು ದಾಟುತ್ತದೆ. ಮೂವತ್ತು–ನಲವತ್ತರ ಸೈಟಿನಷ್ಟಗಲದ ತಾರಸಿಯ ಮೇಲೆ ಅದೇ ಮಳೆಯಲ್ಲಿ 2,800 ಲೀಟರಿನಷ್ಟು ಬೀಳುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ದುಡ್ಡು ಕೊಡುವ ನಗರದವರು ಈ ಗುಣಾಕಾರವನ್ನು ಒಮ್ಮೆಯಾದರೂ ಮಾಡಬೇಕು ಎಂಬುದು ನನ್ನ ಆಗ್ರಹ.

ಮುನ್ನೆಚ್ಚರಿಕೆಗೂ ಲೆಕ್ಕವೇ ಆಧಾರ. ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಭಾರಿ ಮಳೆ ಎನ್ನುತ್ತದೆ, 115.6ರಿಂದ ಅತಿ ಭಾರಿ. ಯಲಹಂಕದ ಕೇಂದ್ರ ರೈತರ ಕರೆಗಳಿಗೆ ಉತ್ತರಿಸಲು ‘ವರುಣ ಮಿತ್ರ’ ಸಹಾಯವಾಣಿ ನಡೆಸುತ್ತದೆ, ‘ಸಿಡಿಲು’ ಎಂಬ ಆ್ಯಪ್ ಕೂಡ ರೂಪಿಸಿದೆ. ಗದ್ದೆಯಲ್ಲಿ ಮೊಬೈಲ್ ಸಿಗದಿದ್ದರೆ ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿ: ಸಿಡಿಲು ಎಷ್ಟು ಕಿಲೋಮೀಟರು ದೂರದಲ್ಲಿ ಹೊಡೆಯಿತು ಎಂಬುದು ತಿಳಿಯುತ್ತದೆ. ಮೂವತ್ತಕ್ಕಿಂತ ಕಡಿಮೆ ಎಣಿಸಿದರೆ ಕೆಲಸ ಬಿಟ್ಟು ಗಟ್ಟಿ ಮನೆಯೊಳಗೆ ಹೋಗಬೇಕು. ಮರದಡಿ ನಿಲ್ಲಲೇಬಾರದು. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಹೊರಗೆ ಬರಬಾರದು.

ಅಡಿಕೆ, ಕಾಳುಮೆಣಸು ಬೆಳೆಗಾರರಿಗಂತೂ ಪಂಚಾಯಿತಿಯ ಮಾಪಕ ನೇರವಾಗಿ ಹಣದ ವಿಷಯ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟದ ನಷ್ಟವನ್ನು ಯಾರೂ ಬಂದು ಅಳೆಯುವುದಿಲ್ಲ. ಮಾಪಕದ ಅಂಕಿಯ ಮೇಲೇ ಪರಿಹಾರ ನಿಗದಿಯಾಗುತ್ತದೆ. ಕಂತು ಕಟ್ಟುವ ಮುನ್ನ ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ, ಅದರ ಮೇಲೆ ಕೊಂಬೆ ಬಾಗಿದೆಯೇ, ದಿನವೂ ಲೆಕ್ಕ ಬರುತ್ತಿದೆಯೇ ಎಂದು ನೋಡಿಕೊಳ್ಳಿ. ಕೆಟ್ಟಿದ್ದರೆ ಮುಂಗಾರಿಗೆ ಮೊದಲೇ ಪಂಚಾಯಿತಿಗೆ ಬರೆದುಕೊಟ್ಟು, ಸ್ವೀಕೃತಿ ಪಡೆಯಿರಿ.