ಒಂದು ಕಾಮಾ ಬೆಲೆ 50 ಲಕ್ಷ ಡಾಲರ್!

ವೀಕ್ಷಕರೇ, ಕನ್ನಡದಲ್ಲಿ ಅದಕ್ಕೆ ಅಲ್ಪವಿರಾಮ ಅಂತೀವಿ. ಹೆಸರಲ್ಲೇ ಅಲ್ಪ. ಅದಕ್ಕೇ ಏನೋ, ಯಾರೂ ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಆದರೆ ಅಮೆರಿಕದ ಒಂದು ಹಾಲಿನ ಕಂಪನಿ ಈ ಅಲ್ಪನ ದೆಸೆಯಿಂದ 50 ಲಕ್ಷ ಡಾಲರ್ ಕೊಡಬೇಕಾಯ್ತು ಅಂದ್ರೆ ನಂಬ್ತೀರಾ?

ಮೇನ್ ಅನ್ನೋ ರಾಜ್ಯ. ಅಲ್ಲಿ ಓಕ್‌ಹರ್ಸ್ಟ್ ಡೈರಿ. ವಾರಕ್ಕೆ 40 ಗಂಟೆಗಿಂತ ಹೆಚ್ಚು ದುಡಿದರೆ ಹೆಚ್ಚಿನ ಗಂಟೆಗಳಿಗೆ ಒಂದೂವರೆ ಪಟ್ಟು ಸಂಬಳ ಕೊಡಬೇಕು ಅನ್ನೋದು ಅಲ್ಲಿನ ಕಾನೂನು. ಆದರೆ ಹಾಲು, ಮೀನು, ಮಾಂಸದಂಥ ಕೆಡುವ ಪದಾರ್ಥಗಳ ಕೆಲವು ಕೆಲಸಕ್ಕೆ ಈ ಓವರ್‌ಟೈಮ್ ಇಲ್ಲ. ಯಾವ ಕೆಲಸ? ಡಬ್ಬಿಗೆ ತುಂಬುವುದು, ಒಣಗಿಸುವುದು, ದಾಸ್ತಾನು ಮಾಡುವುದು, ಹೀಗೆ ಒಂದು ಪಟ್ಟಿ. ಪಟ್ಟಿಯ ಕೊನೆಯಲ್ಲಿ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಅಂತಿತ್ತು. 'ಶಿಪ್‌ಮೆಂಟ್' ಆದಮೇಲೆ ಕಾಮಾ ಇರಲಿಲ್ಲ.

ಕಂಪನಿ ಹೇಳಿತು: ಪ್ಯಾಕಿಂಗ್ ಒಂದು ಕೆಲಸ, ಡಿಸ್ಟ್ರಿಬ್ಯೂಷನ್ ಇನ್ನೊಂದು ಕೆಲಸ. ಡ್ರೈವರ್‌ಗಳು ಹಾಲು ಹಂಚುವವರು, ಅವರಿಗೆ ಓವರ್‌ಟೈಮ್ ಇಲ್ಲ. ಡ್ರೈವರ್‌ಗಳು ಹೇಳಿದರು: ಅಲ್ಲ ಸ್ವಾಮಿ, ಕಾಮಾ ಇಲ್ಲವಲ್ಲ! ಹಾಗಾಗಿ ಅದು ಒಂದೇ ಕೆಲಸ. ಸಾಗಿಸೋಕಾಗಲಿ, ಹಂಚೋಕಾಗಲಿ 'ಪ್ಯಾಕ್ ಮಾಡುವುದು'. ನಾವು ಗಾಡಿ ಓಡಿಸ್ತೀವಿ, ಪ್ಯಾಕ್ ಮಾಡಲ್ಲ.

ಕೆಳಗಿನ ಕೋರ್ಟು ಕಂಪನಿ ಕಡೆ ನಿಂತಿತು. 2017ರ ಮಾರ್ಚ್‌ನಲ್ಲಿ ಮೇಲ್ಮನವಿ ಕೋರ್ಟು ಅದನ್ನ ತಿರುಗಿಸಿ ಹಾಕಿತು. ವಾಕ್ಯಕ್ಕೆ ಎರಡು ಅರ್ಥ ಬರುತ್ತೆ, ಹಾಗೆ ಬಂದಾಗ ಕಾನೂನಿನ ಉದ್ದೇಶ ನೋಡಿ ದುಡಿಯುವವನ ಪರವಾಗಿ ಓದಬೇಕು ಅಂದಿತು. 2018ರಲ್ಲಿ ಕಂಪನಿ 50 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು.

ಇನ್ನು ನಮ್ಮ ವಿಷಯಕ್ಕೆ ಬರೋಣ. ನಾವು ಇಂಗ್ಲಿಷ್ ಬರೆಯುವಾಗ ಕಾಮಾ ಯಾಕೆ ಮರೀತೀವಿ? ಯಾಕಂದ್ರೆ ಕನ್ನಡದಲ್ಲಿ ಆ ಕೆಲಸವನ್ನ ಹೆಚ್ಚಾಗಿ ವಿಭಕ್ತಿ ಪ್ರತ್ಯಯ ಮಾಡಿಬಿಡುತ್ತೆ. 'ರಮೇಶ, ಸಹಾಯ ಮಾಡು' ಬೇರೆ, 'ರಮೇಶನಿಗೆ ಸಹಾಯ ಮಾಡು' ಬೇರೆ. ಕಾಮಾ ಕಿತ್ತು ಹಾಕಿದರೂ 'ನಿಗೆ' ನಮ್ಮನ್ನ ಕಾಪಾಡುತ್ತೆ. ಇಂಗ್ಲಿಷ್‌ಗೆ ಆ ಭಾಗ್ಯ ಇಲ್ಲ. 'ಪ್ಲೀಸ್ ಹೆಲ್ಪ್ ರಮೇಶ್' ಅಂದ್ರೆ ರಮೇಶನಿಗೆ ಸಹಾಯ ಮಾಡಿ. 'ಹೆಲ್ಪ್' ಆದಮೇಲೆ ಕಾಮಾ ಹಾಕಿದರೆ, ರಮೇಶ, ನೀನೇ ಬಂದು ಸಹಾಯ ಮಾಡು. ಬೇಡುವವನೇ ಕೊಡುವವನಾಗಿಬಿಟ್ಟ! ಹಾಗಾಗಿ ಮೊದಲ ಪಾಠ: ಯಾರನ್ನಾದರೂ ಹೆಸರಿಡಿದು ಕರೆದರೆ ಕಾಮಾ ಬೇಕೇ ಬೇಕು.

ಎರಡನೆಯದು, ವಾಕ್ಯದ ಮೊದಲಿಗೆ 'ವೆನ್', 'ಇಫ್', 'ವೈಲ್' ಬಂದರೆ ಆ ತುಂಡು ಮುಗಿದ ಕಡೆ ಕಾಮಾ. 'ವೈಲ್ ವಿ ವರ್ ಈಟಿಂಗ್ ದಿ ಡಾಗ್ ಬಾರ್ಕ್ಡ್' ಅಂತ ಬರೆದರೆ, ಓದುವವನು ಅರ್ಧ ದಾರಿಯಲ್ಲಿ ನಾವು ನಾಯಿಯನ್ನೇ ತಿಂತಿದ್ವಿ ಅಂದುಕೊಳ್ತಾನೆ. 'ಈಟಿಂಗ್' ಆದಮೇಲೆ ಒಂದು ಕಾಮಾ ಹಾಕಿ, ನಾಯಿ ಬಚಾವ್.

ಮೂರನೆಯದು, 'ಮೈ ಸನ್ ಹೂ ವರ್ಕ್ಸ್ ಇನ್ ಬೆಂಗಳೂರು' ಅಂದರೆ ಬೇರೆ ಊರಲ್ಲಿ ಇನ್ನೊಬ್ಬ ಮಗ ಇದ್ದಾನೆ ಅನ್ನೋ ಸೂಚನೆ. ಇರೋನು ಒಬ್ಬನೇ ಆದರೆ 'ಹೂ' ಹಿಂದೆ ಒಂದು, 'ಬೆಂಗಳೂರು' ಮುಂದೆ ಒಂದು, ಎರಡು ಕಾಮಾ ಹಾಕಿ. ವಂಶಾವಳಿ, ಆಸ್ತಿ ಪತ್ರ ಬರೆಸುವವರು ಇದನ್ನ ಸ್ವಲ್ಪ ಗಮನಿಸಿ.

ಹಾಗಂತ ಮದುವೆ ಮನೆಯಲ್ಲಿ ಅಕ್ಷತೆ ಎರಚಿದ ಹಾಗೆ ಎರಚಬೇಡಿ. 'ಆಲ್ ಸ್ಟೂಡೆಂಟ್ಸ್ ಆಫ್ ಟೆಂತ್ ಸ್ಟ್ಯಾಂಡರ್ಡ್' ಅಂತ ಬರೆದು, ಕಾಮಾ ಹಾಕಿ, ಆಮೇಲೆ 'ಶುಡ್ ಕಮ್' ಅಂತ ಬರೆಯೋ ನೋಟಿಸ್ ಬೋರ್ಡ್‌ಗಳನ್ನ ನೀವೂ ನೋಡಿರ್ತೀರಿ. ಕರ್ತೃಪದಕ್ಕೂ ಕ್ರಿಯಾಪದಕ್ಕೂ ನಡುವೆ ಒಂಟಿ ಕಾಮಾ ಬರಬಾರದು. ಉಸಿರು ಬಿಟ್ಟ ಕಡೆಯೆಲ್ಲ ಕಾಮಾ ಹಾಕಿ ಅನ್ನೋ ಸಲಹೆಯ ಫಲ ಇದು. ಉಸಿರು ಎಲ್ಲಿ ಬೇಕಾದರೂ ಬಿಡಬಹುದು, ಅರ್ಥ ಹಾಗಲ್ಲ.

ಇನ್ನೊಂದು, ರಜೆ ಚೀಟಿ. 'ಐ ಹ್ಯಾವ್ ಫೀವರ್, ಐ ಕೆನಾಟ್ ಕಮ್' ಅಂತ ಎರಡು ಪೂರ್ತಿ ವಾಕ್ಯಗಳನ್ನ ಬರೀ ಕಾಮಾದಿಂದ ಅಂಟಿಸಬೇಡಿ. ಕನ್ನಡದಲ್ಲಿ 'ಜ್ವರ ಬಂದಿದೆ, ಬರೋಕಾಗಲ್ಲ' ನಡೆಯುತ್ತೆ. ಇಂಗ್ಲಿಷ್‌ನಲ್ಲಿ ಕಾಮಾ ಆದಮೇಲೆ 'ಸೋ' ಬೇಕು, ಇಲ್ಲವೇ ನಡುವೆ ಫುಲ್‌ಸ್ಟಾಪ್ ಇಡಬೇಕು.

ಇಂಗ್ಲಿಷ್ ಅಂದರೆ ದೊಡ್ಡ ದೊಡ್ಡ ಪದ ಅಂದುಕೊಂಡು ಮಕ್ಕಳಿಗೆ ಡಿಕ್ಷನರಿ ಉರು ಹೊಡೆಸ್ತೀವಿ. ಬಾಡಿಗೆ ಕರಾರು, ಕೆಲಸದ ಆಫರ್ ಲೆಟರ್, ವಿಮೆ ಪಾಲಿಸಿ, ಎಲ್ಲವೂ ಇಂಗ್ಲಿಷ್‌ನಲ್ಲೇ ಬರುತ್ತೆ. ನಾವು ಪದ ಓದಿ ಸಹಿ ಹಾಕ್ತೀವಿ, ಕಾಮಾ ನೋಡಲ್ಲ. ಮೇನ್ ರಾಜ್ಯದ ಆ ಡ್ರೈವರ್‌ಗಳ ಕಡೆಯವರು ನೋಡಿದರು, ಬೆವರಿನ ದುಡ್ಡು ವಾಪಸ್ ಬಂತು. ಮುಂದಿನ ಸಲ ಸಹಿ ಹಾಕೋ ಮುಂಚೆ ಕಾಮಾ ಎಲ್ಲಿದೆ, ಎಲ್ಲಿಲ್ಲ ಅಂತ ಬೆರಳಿಟ್ಟು ನೋಡಿ.