ವಿಲನೋವಾ ತಂಡದ ತಪಸ್ಸುಕಾಲ

2025ರ ಮೇ 8ರಂದು ಜಗದ್ಗುರು ಪೋಪ್ ಹದಿನಾಲ್ಕನೆಯ ಲಿಯೋ ಅವರು ಆಯ್ಕೆಯಾದ ಸುದ್ದಿ ಬಂದಂದಿನಿಂದ ವಿಲನೋವಾ ಎಂಬ ಹೆಸರು ನಮ್ಮ ಮನೆಗಳಿಗೂ ಪರಿಚಿತವಾಗಿದೆ. ಪೋಪ್ ಅವರು 1977ರಲ್ಲಿ ಗಣಿತಶಾಸ್ತ್ರದ ಪದವಿ ಪಡೆದದ್ದು ಆ ವಿಶ್ವವಿದ್ಯಾಲಯದಲ್ಲಿ. ಅಮೆರಿಕದ ಫಿಲಡೆಲ್ಫಿಯ ನಗರದ ಹೊರವಲಯದಲ್ಲಿ ಸಂತ ಅಗಸ್ಟೀನರ ಸಭೆಯ ಗುರುಗಳು 1842ರಲ್ಲಿ ಆರಂಭಿಸಿದ ಈ ವಿದ್ಯಾಸಂಸ್ಥೆಗೆ, ಬಡವರ ತಂದೆಯೆಂದು ಖ್ಯಾತರಾದ ಸ್ಪೇನಿನ ಮಹಾಧರ್ಮಾಧ್ಯಕ್ಷ, ವಿಲನೋವಾದ ಸಂತ ತೋಮಸರ ಹೆಸರನ್ನು ಇಡಲಾಗಿದೆ. ಆದರೆ ಅಮೆರಿಕದ ಕ್ರೀಡಾಪ್ರೇಮಿಗಳಿಗೆ ಆ ಹೆಸರು ಬಹಳ ಮೊದಲೇ ಮನೆಮಾತಾಗಿತ್ತು. ಪೋಪ್ ಅವರು ಪದವಿ ಪಡೆದ ಎಂಟು ವರ್ಷಗಳ ನಂತರ, 1985ರ ತಪಸ್ಸುಕಾಲದಲ್ಲಿ, ಅಲ್ಲಿನ ಬಾಸ್ಕೆಟ್‌ಬಾಲ್ ಹುಡುಗರು ಮಾಡಿ ತೋರಿಸಿದ್ದನ್ನು ಜನ ಇಂದಿಗೂ ನೆನೆಯುತ್ತಾರೆ.

ಆ ವರ್ಷ ವಿಭೂತಿ ಬುಧವಾರ ಬಂದದ್ದು ಫೆಬ್ರವರಿ 20ರಂದು. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಚಳಿಗಾಲದ ಆಟ. ನವೆಂಬರಿನಲ್ಲಿ ಆರಂಭವಾಗಿ ಮಾರ್ಚ್ ಹೊತ್ತಿಗೆ ಲೀಗ್ ಪಂದ್ಯಗಳು ಮುಗಿಯುತ್ತವೆ. ಆಮೇಲೆ ರಾಷ್ಟ್ರೀಯ ಚಾಂಪಿಯನ್‌ಷಿಪ್. 1985ರಲ್ಲಿ ಮೊದಲ ಬಾರಿಗೆ ಅದರಲ್ಲಿ 64 ತಂಡಗಳಿಗೆ ಅವಕಾಶ ದೊರೆಯಿತು. ಒಂದು ಸೋಲು ಸಾಕು, ಮನೆಗೆ ಹೊರಡಬೇಕು. ವಿಲನೋವಾ ತಂಡಕ್ಕೆ ಆ ಬಾಗಿಲವರೆಗೆ ಹೋಗುವ ಭಾಗ್ಯವಾದರೂ ಇದೆಯೇ ಎಂಬುದೇ ಮಾರ್ಚ್ ಆರಂಭದಲ್ಲಿ ಸಂಶಯವಾಗಿತ್ತು. ಲೀಗಿನ ಕೊನೆಯ ಪಂದ್ಯದಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಎದುರು ಅದು 85-62ರಿಂದ ಸೋತಿತು. ಸೋತದ್ದಕ್ಕಿಂತ ಸೋತ ಬಗೆ ಕಹಿಯಾದದ್ದು. ಹುಡುಗರ ಆಟದಲ್ಲಿ ಜೀವವಿಲ್ಲದ್ದನ್ನು ಕಂಡು ತರಬೇತುದಾರ ರೋಲಿ ಮಾಸಿಮಿನೊ ದ್ವಿತೀಯಾರ್ಧದಲ್ಲಿ ತನ್ನ ಐವರು ಪ್ರಮುಖ ಆಟಗಾರರನ್ನೂ ಹೊರಗೆ ಕರೆದು ಬೆಂಚಿನ ಮೇಲೆ ಕೂರಿಸಿಬಿಟ್ಟರು. ರಾಷ್ಟ್ರೀಯ ಸ್ಪರ್ಧೆಯ ಆಯ್ಕೆಗೆ ಕೆಲವೇ ದಿನಗಳಿದ್ದಾಗ ಹೀಗೆ ಮಾಡುವುದಕ್ಕೆ ಧೈರ್ಯ ಬೇಕು. ಅಥವಾ ತೀರಾ ಸಿಟ್ಟು ಬಂದಿರಬೇಕು. ಎರಡೂ ಇದ್ದವೆಂದು ತೋರುತ್ತದೆ.

ಆ ಐವರಲ್ಲಿ ಮೂವರು ಅಂತಿಮ ವರ್ಷದ ವಿದ್ಯಾರ್ಥಿಗಳು: ಎತ್ತರದ ಎಡ್ ಪಿಂಕ್ನಿ, ಡ್ವೇನ್ ಮೆಕ್‌ಕ್ಲೇನ್ ಮತ್ತು ಚೆಂಡನ್ನು ನಡೆಸಿಕೊಂಡು ಹೋಗುವ ಗ್ಯಾರಿ ಮೆಕ್‌ಲೇನ್. ನಾಲ್ಕು ವರ್ಷ ಜೊತೆಯಲ್ಲಿ ಬೆಳೆದ ಹುಡುಗರು. ವಾರ ಕಳೆಯುವಷ್ಟರಲ್ಲಿ ಅದೇ ಪಿಟ್ಸ್‌ಬರ್ಗ್ ತಂಡ ಲೀಗಿನ ಕಿರು ಪಂದ್ಯಾವಳಿಯಲ್ಲಿ ಎದುರಾಯಿತು. ಈ ಸಲ ವಿಲನೋವಾ 69-61ರಿಂದ ಗೆದ್ದಿತು. ಮರುಪಂದ್ಯದಲ್ಲಿ ಸೇಂಟ್ ಜಾನ್ಸ್ ಎದುರು ಸೋತರೂ, 19 ಗೆಲುವು, 10 ಸೋಲುಗಳ ಸಾಧಾರಣ ದಾಖಲೆಯೊಡನೆ ರಾಷ್ಟ್ರೀಯ ಸ್ಪರ್ಧೆಗೆ ಪ್ರವೇಶ ಸಿಕ್ಕಿತು. ತನ್ನ ಗುಂಪಿನ 16 ತಂಡಗಳಲ್ಲಿ ಅದಕ್ಕೆ ಕೊಟ್ಟ ಸ್ಥಾನ ಎಂಟನೆಯದು.

ಇಲ್ಲಿಂದ ಮುಂದೆ ನಡೆದುದನ್ನು ಪವಾಡವೆಂದು ಕರೆಯುವವರು ಬಹಳ. ನನಗೆ ಆ ಮಾತು ಅಷ್ಟಾಗಿ ಒಪ್ಪಿಗೆಯಿಲ್ಲ. ಆ ಹುಡುಗರು ಎರಡು ವಾರಗಳಲ್ಲಿ ಹೆಚ್ಚು ಎತ್ತರ ಬೆಳೆಯಲಿಲ್ಲ, ಹೆಚ್ಚು ವೇಗವಾಗಿ ಓಡಲೂ ಇಲ್ಲ. ಅವರು ಕಲಿತದ್ದು ಕಾಯುವುದನ್ನು.

ಆ ವರ್ಷದ ರಾಷ್ಟ್ರೀಯ ಸ್ಪರ್ಧೆಯಲ್ಲಿ, ಚೆಂಡು ಕೈಗೆ ಬಂದ ಮೇಲೆ ಇಷ್ಟು ಸೆಕೆಂಡುಗಳೊಳಗೆ ಬುಟ್ಟಿಯತ್ತ ಎಸೆಯಲೇಬೇಕೆಂಬ ನಿಯಮವಿರಲಿಲ್ಲ. ಮೂರು ಅಂಕಗಳ ಗೆರೆಯೂ ಇರಲಿಲ್ಲ. ಮಾಸಿಮಿನೊ ಇದನ್ನು ಪೂರ್ಣವಾಗಿ ಬಳಸಿಕೊಂಡರು. ವಿಲನೋವಾ ಹುಡುಗರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ, ಎದುರಾಳಿಯ ಕಾವಲಿನಲ್ಲಿ ಸಂದು ಕಾಣಿಸುವವರೆಗೆ ಅವಸರಪಡದೆ ಆಡುತ್ತಿದ್ದರು. ಸಂದು ಯಾರ ಮುಂದೆ ತೆರೆಯಿತೋ ಅವನು ಎಸೆಯಬೇಕು. ತಾರೆಯೇ ಎಸೆಯಬೇಕೆಂಬ ಕಟ್ಟಳೆಯಿಲ್ಲ. ಕಾವಲಿಗೆ ನಿಂತಾಗ ಇದಕ್ಕೆ ತದ್ವಿರುದ್ಧವಾದ ಚುರುಕು. ಒಮ್ಮೆ ಪ್ರತಿಯೊಬ್ಬ ಎದುರಾಳಿಗೂ ಒಬ್ಬೊಬ್ಬ ಕಾವಲುಗಾರ, ಮರುಗಳಿಗೆ ಅಂಕಣವನ್ನೇ ವಲಯಗಳಾಗಿ ಹಂಚಿಕೊಂಡ ವ್ಯೂಹ, ಮತ್ತೊಮ್ಮೆ ಎರಡೂ ಬೆರೆತದ್ದು. ಎದುರಿನವರು ಇದೇನೆಂದು ಗುರುತಿಸುವಷ್ಟರಲ್ಲಿ ಅದು ಬದಲಾಗಿರುತ್ತಿತ್ತು.

ಮೊದಲ ಪಂದ್ಯ ಡೇಟನ್ ವಿಶ್ವವಿದ್ಯಾಲಯದ ವಿರುದ್ಧ, ಅದೂ ಡೇಟನ್ನಿನ ಸ್ವಂತ ಅಂಕಣದಲ್ಲಿ. ಡೇಟನ್ ಕೂಡ ಮರಿಯಾನಿಸ್ಟ್ ಸಭೆಯವರ ಕಥೋಲಿಕ ಸಂಸ್ಥೆಯೇ. ಎರಡನೆಯ ವರ್ಷದ ವಿದ್ಯಾರ್ಥಿ ಹೆರಾಲ್ಡ್ ಜೆನ್ಸನ್ ಕೊನೆಯ ನಿಮಿಷಗಳಲ್ಲಿ ನುಗ್ಗಿ ಹಾಕಿದ ಚೆಂಡಿನಿಂದ 51-49ರ ಗೆಲುವು ಸಿಕ್ಕಿತು. ಈ ಜೆನ್ಸನ್ ಆ ಋತುವಿನಲ್ಲಿ ತನ್ನ ಮೇಲಿನ ನಂಬಿಕೆಯನ್ನೇ ಕಳೆದುಕೊಂಡಿದ್ದ ಹುಡುಗ. ಅವನನ್ನು ಓದುಗರು ನೆನಪಿನಲ್ಲಿಡಬೇಕು. ಬಳಿಕ ಗುಂಪಿನ ಅಗ್ರಸ್ಥಾನಿ ಮಿಷಿಗನ್ 59-55ರಿಂದ ಸೋತಿತು. ಮೇರಿಲ್ಯಾಂಡ್ ವಿರುದ್ಧ 46-43. ಆ ತಂಡದ ಮಹಾಪ್ರತಿಭೆ ಲೆನ್ ಬಯಸ್‌ಗೆ ದಕ್ಕಿದ್ದು 8 ಅಂಕಗಳು ಮಾತ್ರ.

ಮುಂದೆ ಉತ್ತರ ಕೆರೊಲಿನ. ನಿಧಾನದ ಆಟವನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದ್ದ ಡೀನ್ ಸ್ಮಿತ್ ಅವರ ತಂಡ ಅದು. ಅರ್ಧ ಆಟ ಮುಗಿದಾಗ ವಿಲನೋವಾ 17-22ರಿಂದ ಹಿಂದಿತ್ತು. ವಿಶ್ರಾಂತಿಯ ಕೋಣೆಯಲ್ಲಿ ಮಾಸಿಮಿನೊ ಗುಡುಗುವರೆಂದು ಹುಡುಗರು ಕಾದಿದ್ದರು. ಇಟಲಿಯಿಂದ ವಲಸೆ ಬಂದ ಕುಟುಂಬದ ಮಗನಾದ ಅವರು, ಇಷ್ಟೆಲ್ಲ ಒದ್ದಾಡುವುದಕ್ಕಿಂತ ಒಂದು ಬಟ್ಟಲು ಲಿಂಗ್ವೀನಿ ಪಾಸ್ತಾವನ್ನು ಮಳಿ ಸಾರಿನೊಡನೆ, ಮೇಲೆ ಧಾರಾಳವಾಗಿ ಗಿಣ್ಣು ಉದುರಿಸಿಕೊಂಡು ತಿನ್ನುವುದೇ ಲೇಸು ಎಂಬರ್ಥದ ಮಾತನ್ನಾಡಿದರಂತೆ. ಹುಡುಗರು ನಕ್ಕರು, ಬಿಗಿ ಸಡಿಲಿತು. ಉಳಿದರ್ಧದಲ್ಲಿ ಅವರು ಗಳಿಸಿದ್ದು 39 ಅಂಕ, ಪಂದ್ಯ 56-44. (ಮಳಿಯ ರುಚಿ ಬಲ್ಲ ನಮ್ಮ ಕರಾವಳಿಯವರಿಗೆ ಆ ಉಪಾಯ ಅರ್ಥವಾಗದಿರದು.)

ಕೊನೆಯ ನಾಲ್ಕು ತಂಡಗಳು ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ನಿನಲ್ಲಿ ಸೇರಿದವು. ನಾಲ್ಕರಲ್ಲಿ ಮೂರು ಕಥೋಲಿಕ ವಿಶ್ವವಿದ್ಯಾಲಯಗಳೆಂಬುದು ಗಮನಾರ್ಹ: ಅಗಸ್ಟೀನಿಯನ್ನರ ವಿಲನೋವಾ, ಸಂತ ವಿನ್ಸೆಂಟ್ ದೆ ಪೌಲರ ಸಭೆಯವರ ಸೇಂಟ್ ಜಾನ್ಸ್, ಮತ್ತು ಯೇಸುಸಭೆಯವರ ಜಾರ್ಜ್‌ಟೌನ್. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದ ಅದೇ ಯೇಸುಸಭೆ. ಮೆಂಫಿಸ್ ತಂಡವನ್ನು ವಿಲನೋವಾ 52-45ರಿಂದ ಸೋಲಿಸಿತು. ಸೇಂಟ್ ಜಾನ್ಸ್ ತಂಡವನ್ನು ಜಾರ್ಜ್‌ಟೌನ್ ನಿರಾಯಾಸವಾಗಿ ಬದಿಗೊತ್ತಿತು. ಫೈನಲ್ ಏಪ್ರಿಲ್ 1ರಂದು, ಪವಿತ್ರ ವಾರದ ಸೋಮವಾರ. ಎರಡೂ ಬದಿಗಳಲ್ಲಿ ಕಥೋಲಿಕ ಸಂಸ್ಥೆಗಳೇ ಇದ್ದುದರಿಂದ ದೇವರು ಯಾರ ಪಕ್ಷವೆಂಬ ಚರ್ಚೆಗೆ ಎಡೆಯಿರಲಿಲ್ಲ. ಮನುಷ್ಯರ ಲೆಕ್ಕದಲ್ಲಂತೂ ಜಾರ್ಜ್‌ಟೌನ್ ಗೆದ್ದಾಗಿತ್ತು. ಹಿಂದಿನ ವರ್ಷದ ಚಾಂಪಿಯನ್, 35 ಗೆಲುವು, ಎರಡೇ ಸೋಲು. ತರಬೇತುದಾರ ಜಾನ್ ಥಾಂಪ್ಸನ್. ಏಳಡಿ ಎತ್ತರದ ಪ್ಯಾಟ್ರಿಕ್ ಎವಿಂಗ್. ಅದೇ ಋತುವಿನಲ್ಲಿ ವಿಲನೋವಾ ತಂಡವನ್ನು ಎರಡು ಸಲ ಸೋಲಿಸಿದ್ದರು. ಆದರೆ ಅವುಗಳಲ್ಲಿ ಒಂದು ಹೆಚ್ಚುವರಿ ಅವಧಿಗೆ ಹೋಗಿ ಎರಡೇ ಅಂಕದಿಂದ ಮುಗಿದಿತ್ತು ಎಂಬುದನ್ನು ಮಾಸಿಮಿನೊ ಮರೆತಿರಲಿಲ್ಲ.

ಆ ದಿನದ ಬೆಳಗು ಸಾವಿನ ಸುದ್ದಿಯೊಂದಿಗೆ ಬಂತು. 1936ರಿಂದ 1961ರವರೆಗೆ ವಿಲನೋವಾ ತಂಡವನ್ನು ಕಟ್ಟಿ ಬೆಳೆಸಿದ್ದ ಹಳೆಯ ತರಬೇತುದಾರ ಅಲ್ ಸೆವರೆನ್ಸ್ ಪಂದ್ಯ ನೋಡಲೆಂದು ಲೆಕ್ಸಿಂಗ್ಟನ್ನಿಗೆ ಬಂದವರು ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡಿದ್ದರು. ತಂಡದ ಆಧ್ಯಾತ್ಮಿಕ ಮಾರ್ಗದರ್ಶಕ ವಂದನೀಯ ಬರ್ನಾರ್ಡ್ ಲೇಜರ್ ಅವರೊಡನೆ ಬಲಿಪೂಜೆಯಲ್ಲಿ ಭಾಗವಹಿಸುವುದು ಹುಡುಗರ ವಾಡಿಕೆ. ಊಟದ ಬಳಿಕ ಮಾಸಿಮಿನೊ ಹೇಳಿದ್ದು ಇಷ್ಟೇ: ಸೋಲಬಾರದೆಂದು ಆಡಬೇಡಿ, ಗೆಲ್ಲಬೇಕೆಂದು ಆಡಿ, ಈಗ ನಿಮ್ಮ ನಿಮ್ಮ ಕೋಣೆಗೆ ಹೋಗಿ ಹದಿನೈದು ನಿಮಿಷ ಒಬ್ಬರೇ ಕುಳಿತು ಯೋಚಿಸಿ.

ಸುಮಾರು 23 ಸಾವಿರ ಜನರ ಮುಂದೆ ನಡೆದ ಆ ಆಟದ ಅಂಕಿಗಳೇ ಬಹಳಷ್ಟನ್ನು ಹೇಳುತ್ತವೆ. ವಿಲನೋವಾ ಇಡೀ ಪಂದ್ಯದಲ್ಲಿ ಬುಟ್ಟಿಯತ್ತ ಎಸೆದದ್ದು 28 ಬಾರಿ ಮಾತ್ರ, 22 ಒಳಬಿದ್ದವು. ದ್ವಿತೀಯಾರ್ಧದಲ್ಲಿ ಹತ್ತು ಎಸೆತಗಳಲ್ಲಿ ತಪ್ಪಿದ್ದು ಒಂದೇ ಒಂದು. ಜಾರ್ಜ್‌ಟೌನ್ 53 ಬಾರಿ ಎಸೆದು 29ನ್ನು ಬುಟ್ಟಿಗೆ ಹಾಕಿತು. ಬುಟ್ಟಿಗೆ ಬಿದ್ದ ಚೆಂಡುಗಳ ಲೆಕ್ಕದಲ್ಲಿ ಸೋತವರೇ ಮುಂದಿದ್ದರೆಂಬುದು ವಿಚಿತ್ರ. ಆದರೆ ಹತ್ತಿರದ ಒಳ್ಳೆಯ ಎಸೆತಕ್ಕಾಗಿಯೇ ಕಾಯುವ ತಂಡವನ್ನು ತಡೆಯಹೊರಟ ಜಾರ್ಜ್‌ಟೌನ್ ಹುಡುಗರು ಮೇಲಿಂದ ಮೇಲೆ ಫೌಲ್ ಮಾಡಬೇಕಾಯಿತು. ವಿಲನೋವಾ 27 ಫ್ರೀ ಥ್ರೋಗಳಲ್ಲಿ 22ನ್ನು ಅಂಕವಾಗಿಸಿತು. ಜಾರ್ಜ್‌ಟೌನಿಗೆ ಸಿಕ್ಕಿದ್ದು ಬರೀ ಎಂಟು.

ಸುಮಾರು ಎರಡೂವರೆ ನಿಮಿಷ ಉಳಿದಿದ್ದಾಗ ವಿಲನೋವಾ ಒಂದು ಅಂಕ ಹಿಂದಿತ್ತು. ಚೆಂಡು ಅತ್ತಿಂದಿತ್ತ ಸುತ್ತಿ ಬಲಬದಿಯಲ್ಲಿ ನಿಂತಿದ್ದ ಜೆನ್ಸನ್‌ನ ಕೈಸೇರಿತು. ಆತ ಎಸೆದ, ಒಳಬಿತ್ತು, 55-54. ಆ ರಾತ್ರಿ ಅವನ ಐದು ಎಸೆತಗಳಲ್ಲಿ ಐದೂ ಗುರಿ ಮುಟ್ಟಿದ್ದವು. ಎರಡೇ ಸೆಕೆಂಡು ಉಳಿದಾಗ ಗೆರೆಯಾಚೆಯಿಂದ ಅವನೇ ಎಸೆದ ಚೆಂಡನ್ನು ಹಿಡಿದ ಮೆಕ್‌ಕ್ಲೇನ್, ಮುಗ್ಗರಿಸಿ ನೆಲಕ್ಕೆ ಬಿದ್ದವನು, ಗಂಟೆ ಮೊಳಗುವವರೆಗೂ ಅದನ್ನು ಮಗುವಿನಂತೆ ಎದೆಗವಚಿಕೊಂಡು ಮಲಗಿಯೇ ಇದ್ದ. 66-64. ಬೆಂಚಿನ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಜೇಕ್ ನೆವಿನ್ ಕುಳಿತಿದ್ದರು. ಅರ್ಧ ಶತಮಾನ ವಿಲನೋವಾದ ಆಟಗಾರರ ಕಾಲು ಕೈಗಳಿಗೆ ಪಟ್ಟಿ ಕಟ್ಟಿದ, ಈಗ ನರಗಳ ಗುಣವಾಗದ ಕಾಯಿಲೆಯಿಂದ ತಮ್ಮ ಕೈಕಾಲನ್ನೇ ಆಡಿಸಲಾರದ ಸ್ಥಿತಿಗೆ ಬಂದಿದ್ದ ಹಿರಿಯ. ಹುಡುಗರು ಆಡಿದ್ದು ಅವರಿಗಾಗಿ. ಆ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಬಹುಮಾನ ವಿತರಣೆಯ ವೇಳೆ ಜಾರ್ಜ್‌ಟೌನ್ ಹುಡುಗರು ಎದ್ದು ನಿಂತು ಗೆದ್ದವರಿಗೆ ಚಪ್ಪಾಳೆ ತಟ್ಟಿದರು. ಒರಟರೆಂದು ಪತ್ರಿಕೆಗಳು ವರ್ಷಪೂರ್ತಿ ಜರೆದಿದ್ದ ತಂಡ ಅದು.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿರುತ್ತಿತ್ತು. 1987ರಲ್ಲಿ ಗ್ಯಾರಿ ಮೆಕ್‌ಲೇನ್ 'ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್' ಪತ್ರಿಕೆಯಲ್ಲಿ ತನ್ನ ಹೆಸರಿನಲ್ಲೇ ತಪ್ಪೊಪ್ಪಿಗೆ ಬರೆದ. ಕಾಲೇಜಿನ ದಿನಗಳಲ್ಲಿ ತಾನು ಕೊಕೇನ್ ವ್ಯಸನಿಯಾಗಿದ್ದೆ, ಮೆಂಫಿಸ್ ವಿರುದ್ಧದ ಸೆಮಿಫೈನಲ್ಲನ್ನು ಆ ಅಮಲಿನಲ್ಲೇ ಆಡಿದೆ ಎಂದು. ಅದಕ್ಕೆ ಒಂದು ವರ್ಷ ಮುಂಚೆ, 1986ರ ಜೂನಿನಲ್ಲಿ, ವಿಲನೋವಾ 8 ಅಂಕಗಳಿಗೆ ಕಟ್ಟಿಹಾಕಿದ್ದ ಲೆನ್ ಬಯಸ್, ಪ್ರಖ್ಯಾತ ಬಾಸ್ಟನ್ ತಂಡಕ್ಕೆ ಆಯ್ಕೆಯಾದ ಎರಡೇ ದಿನಕ್ಕೆ, ಅದೇ ಕೊಕೇನ್‌ನಿಂದ ಸತ್ತಿದ್ದ. ಗೆಲುವಿನ ಕಥೆ ಹೇಳುವವರು ಈ ಪುಟವನ್ನು ಮಗುಚಿ ಮುಂದೆ ಹೋಗುವುದುಂಟು. ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಓದುವ ಅಂಕಣದಲ್ಲಿ ಹಾಗೆ ಮಾಡುವುದು ಸರಿಯೆನಿಸದು. ತಂಡದ ಚೆಂಡನ್ನು ಅತಿ ಹೆಚ್ಚು ಹೊತ್ತು ತನ್ನ ಕೈಯಲ್ಲಿಟ್ಟುಕೊಂಡ, ಜಾರ್ಜ್‌ಟೌನಿನ ಭೀಕರ ಒತ್ತಡವನ್ನು ದಾಟಿಸಿದ ಹುಡುಗ ಅವನೇ. ದೂರದರ್ಶನದಲ್ಲಿ ಅವನನ್ನು ಕಂಡ ಲಕ್ಷಾಂತರ ಜನರಿಗೆ ಕಂಡದ್ದು ಒಬ್ಬ ಉಲ್ಲಾಸದ ಹುಡುಗ ಮಾತ್ರ. ಕೇಳುವವರಿದ್ದರೂ ಹೇಳಿಕೊಳ್ಳಲಾಗದ ಒಂಟಿತನ ಎಷ್ಟೋ ಮಕ್ಕಳದು. ಆತ ಕಡೆಗಾದರೂ ಬಾಯಿಬಿಟ್ಟನೆಂಬುದೇ ದೊಡ್ಡದು.

1985-86ರಿಂದ ಕಾಲೇಜು ಆಟದಲ್ಲಿ 45 ಸೆಕೆಂಡುಗಳ ಗಡಿಯಾರ ಬಂತು. ಇಂದು ಪುರುಷರ ಪಂದ್ಯಗಳಲ್ಲಿ ಅದು 30ಕ್ಕಿಳಿದಿದೆ. ನಿಧಾನದ ಆಟ ನೋಡುಗರಿಗೆ ಬೇಸರ ತರುತ್ತದೆಂಬ ವಾದದಲ್ಲಿ ಹುರುಳಿರಬಹುದು. ಆದರೂ ಆ ಆರು ಪಂದ್ಯಗಳಲ್ಲಿ ಎದುರಾಳಿಗಳಿಗೆ ಸರಾಸರಿ 50 ಅಂಕಗಳನ್ನಷ್ಟೇ ಬಿಟ್ಟುಕೊಟ್ಟ ವಿಲನೋವಾವನ್ನು ನೋಡಿ ಬೇಸತ್ತವರನ್ನು ನಾನಂತೂ ಕೇಳಿಲ್ಲ. ಎಂಟನೆಯ ಸ್ಥಾನದಿಂದ ಹೊರಟು ಪ್ರಶಸ್ತಿ ಗೆದ್ದ ತಂಡ ಇಂದಿಗೂ ಅದೊಂದೇ.

ವಿಲನೋವಾ ಮತ್ತೆ ಚಾಂಪಿಯನ್ ಆದದ್ದು 31 ವರ್ಷಗಳ ನಂತರ, 2016ರಲ್ಲಿ. ಆಗಿನ ತರಬೇತುದಾರ ಜೇ ರೈಟ್ ಹಿಂದೆ ಮಾಸಿಮಿನೊ ಅವರ ಕೈಕೆಳಗೆ ಸಹಾಯಕರಾಗಿದ್ದವರು. ಎದುರಾಳಿ ಮತ್ತೆ ಉತ್ತರ ಕೆರೊಲಿನ. ಕ್ರಿಸ್ ಜೆಂಕಿನ್ಸ್‌ನ ಗೆಲುವಿನ ಎಸೆತ ಅವನ ಕೈಬಿಟ್ಟದ್ದು ಕೊನೆಯ ಸೆಕೆಂಡಿನಲ್ಲಿ. ಬೆಂಚಿನ ಹಿಂದಿನ ಸಾಲಿನಲ್ಲಿ ವಯೋವೃದ್ಧ ಮಾಸಿಮಿನೊ ಕುಳಿತಿದ್ದರು. ಮರುವರ್ಷ, 2017ರ ಆಗಸ್ಟ್ ತಿಂಗಳಲ್ಲಿ, ಅವರು ನಿಧನರಾದರು.